ಸತ್ತವನ ಮೇಲೆ ಕೇಸು

ನಿನ್ನೆ ರಾತ್ರಿ ಪಾತ್ರೆ ತೊಳೆಯುತ್ತಾ ಒಂದು ಆನ್‌ಲೈನ್ ಬೈಬಲ್ ತರಗತಿ ಕೇಳುತ್ತಿದ್ದೆ. ಮೊಪ್ಸುಯೆಸ್ತಿಯಾ (ಈಗಿನ ಟರ್ಕಿಯಲ್ಲಿದ್ದ ಹಳೇ ಊರು) ಬಿಷಪ್, ಬೈಬಲಿಗೆ ವ್ಯಾಖ್ಯಾನ ಬರೆದ ಥಿಯೊಡೋರನ ಹೆಸರು ಬಂತು. ನನ್ನ ಥಿಯೊಡೋರ್ ಹುಚ್ಚು ನಿಮಗೆಲ್ಲ ಗೊತ್ತಲ್ಲ, ಸೋಪಿನ ಕೈಯಲ್ಲೇ ಸೌಂಡ್ ಜಾಸ್ತಿ ಮಾಡಿದೆ. "ಅವನನ್ನ ಪಾಷಂಡಿ ಅಂತ ಸಭೆಯೇ ತೀರ್ಮಾನ ಮಾಡಿದೆ, ಮುಂದೆ ಹೋಗೋಣ" ಅಂದರು ಪಾಠ ಮಾಡುವವರು. ಅಷ್ಟೇ. ಮುಗೀತು.

ಯಾವಾಗ ತೀರ್ಮಾನ ಮಾಡಿತು ಸ್ವಾಮಿ? ಆತ ತೀರಿಕೊಂಡಿದ್ದು ಕ್ರಿ.ಶ. 428ರಲ್ಲಿ. 36 ವರ್ಷ ಬಿಷಪ್ ಆಗಿದ್ದು, ಬಿಷಪ್ ಆಗಿಯೇ ಸತ್ತ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬಿಷಪ್‌ಗಳೆಲ್ಲ ಸೇರಿ ಶಾಪ ಹಾಕಿದ್ದು 553ರಲ್ಲಿ. 125 ವರ್ಷ ಆದಮೇಲೆ! ಅವನ ಪುಸ್ತಕಗಳಿಂದ ಕತ್ತರಿಸಿದ 70ಕ್ಕೂ ಜಾಸ್ತಿ ತುಣುಕು ಓದಿದರು, ಕೂಗಾಡಿದರು, ಕೆಲಸ ಆಯ್ತು. ಹಿಂದೇನಿತ್ತು ಮುಂದೇನಿತ್ತು ಯಾರಿಗೆ ಬೇಕು. ಆಗಿನ ಕಾಲದ ಸ್ಕ್ರೀನ್‌ಶಾಟ್.

ಆತ ಹೇಳಿದ್ದಾದರೂ ಏನು? ಬೈಬಲಿನ ಕೀರ್ತನೆಗಳಲ್ಲಿ ನೇರವಾಗಿ ಕ್ರಿಸ್ತನ ಬಗ್ಗೆ ಇರೋದು ನಾಲ್ಕೇ ಅಂದ. "ನನ್ನ ದೇವರೇ, ಯಾಕೆ ಕೈಬಿಟ್ಟೆ" ಅನ್ನೋ 22ನೇ ಕೀರ್ತನೆ, ಸಭೆ ಕ್ರಿಸ್ತನ ಬಗ್ಗೆ ಪ್ರವಾದನೆ ಅಂತ ಓದೋದು, ಮಗ ಅಬ್ಷಾಲೋಮ ತಿರುಗಿಬಿದ್ದಾಗಿನ ರಾಜ ದಾವೀದನ ಮಾತು ಅಂದ. ಇದೂ ಒಂದು ಅಪರಾಧ. ನನ್ನ ಮಗ ಮಾತು ಬಿಟ್ಟಿದ್ದ ಆ ಎಂಟು ತಿಂಗಳು ನನಗೆ ಬೇಕಾಗಿದ್ದು ಪ್ರವಾದನೆ ಅಲ್ಲ, ಅಳುತ್ತಿದ್ದ ಆ ಅಪ್ಪ. ಇರಲಿ ಬಿಡಿ.

"ಕ್ರಿಸ್ತನಲ್ಲಿ ದೇವರನ್ನೂ ಮನುಷ್ಯನನ್ನೂ ಬೇರೆ ಬೇರೆ ಮಾಡಿಬಿಟ್ಟ, ನೆಸ್ತೋರಿಯನಿಗೆ ದಾರಿ ಹಾಕಿಕೊಟ್ಟವನೇ ಇವನು" ಅಂತ ಕಾಮೆಂಟ್ ಬರುತ್ತೆ, ಗೊತ್ತು (ನೆಸ್ತೋರಿಯ ಅಂದ್ರೆ ಇದೇ ಆರೋಪದ ಮೇಲೆ ಪಾಷಂಡಿ ಅನ್ನಿಸಿಕೊಂಡ ಬಿಷಪ್). ಇರಬಹುದು. ಕೆಲವು ಸಾಲು ನನಗೂ ಗಂಟಲಲ್ಲಿ ಇಳಿಯಲ್ಲ. ಆದರೆ ಉತ್ತರ ಕೊಡೋಕೆ ಮನುಷ್ಯ ಬದುಕಿರಬೇಕಲ್ರೀ! ಪೋಪ್ ವಿಜಿಲಿಯಸ್ ಕೂಡ 553ರಲ್ಲಿ ಇದನ್ನೇ ಹೇಳಿದ್ದು, ಮಾತನ್ನು ಬೇಕಾದರೆ ಖಂಡಿಸ್ತೀನಿ, ಸತ್ತವನ ಹೆಸರಿಗೆ ಶಾಪ ಹಾಕಲ್ಲ ಅಂತ. ಆಮೇಲೆ ಚಕ್ರವರ್ತಿ ಜಸ್ಟಿನಿಯನ್ನನ ಒತ್ತಡಕ್ಕೆ ಮಣಿದ, ಅದು ಬೇರೆ ಕಥೆ.

ನನಗೆ ಹೊಟ್ಟೆ ಉರಿಯೋದು 550ರದ್ದು ಓದಿದಾಗ. ಥಿಯೊಡೋರ್ ಬಿಷಪ್ ಆಗಿದ್ದ ಊರಲ್ಲೇ ವಿಚಾರಣೆ. ಪೂಜೆಯಲ್ಲಿ ನೆನೆಯುವ ಬಿಷಪ್‌ಗಳ ಪಟ್ಟಿ ತೆಗೆಸಿದರು, ಊರಿನ ಮುದುಕರನ್ನು ಒಬ್ಬೊಬ್ಬರಾಗಿ ಕೇಳಿದರು. ನಮಗೆ ತಿಳುವಳಿಕೆ ಬಂದಾಗಿಂದ ಅವನ ಹೆಸರು ಓದಿದ್ದು ಕೇಳಿಲ್ಲ ಅಂದರು. ಆ ಜಾಗದಲ್ಲಿ ಇದ್ದಿದ್ದು ಸಿರಿಲನ ಹೆಸರು. ಅಲೆಕ್ಸಾಂಡ್ರಿಯಾದ ಬಿಷಪ್ ಸಿರಿಲ್, ಥಿಯೊಡೋರನ ವಿರುದ್ಧ ಬರೆದವನು! ಆ ಊರಿಗೆ ಒಂದು ದಿನವೂ ಬಿಷಪ್ ಆಗಿರದವನು. ಅತ್ತ ಪೂರ್ವದ ಸಿರಿಯಾಕ್ ಸಭೆಯವರು ಮಾತ್ರ ಇವತ್ತಿಗೂ ಥಿಯೊಡೋರನನ್ನ 'ವ್ಯಾಖ್ಯಾನಕಾರ' ಅಂತಾನೇ ಕರೀತಾರೆ.

ಇದನ್ನೆಲ್ಲ ಕೇಳೋಣ ಅಂತ ಕೈ ಒರೆಸಿಕೊಂಡು ಟೈಪ್ ಮಾಡ್ತಿದ್ದೆ, ಅಷ್ಟರಲ್ಲಿ ಮೀಟಿಂಗ್ ಮುಚ್ಚಿದರು. ಮುಂದಿನ ವಾರ ಸಿರಿಲ್ ಬಗ್ಗೆ ಅಂತೆ. ಅವನಿಗೆ ಪೂರ್ತಿ ಎರಡು ಗಂಟೆ ಪಾಠ.