ಬೇಲೂರಿನ ಚೇಳು, ಟಾಕೀಸಿನ ತಿಗಣೆ

ನಮ್ಮ ಹಾಸನದ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಕಣ್ಣೀರು. ಮಳೆಗಾಲದ ಹೇಮಾವತಿ ಥರ. ಇನ್ನೊಂದು ಹಳೆ ಟಾಕೀಸಿಗೆ ಜೆಸಿಬಿ ಬಂತಂತೆ. ಮುರಿದ ಗೋಡೆಯ ಫೋಟೋ, ಕೈಮುಗಿದ ಎಮೋಜಿ, ‘ನಮ್ಮ ಪರಂಪರೆ ಹೋಯ್ತು’. ನೀವೆಲ್ಲ ಅಲ್ಲಿ ಕೊನೆಗೆ ಸಿನಿಮಾ ನೋಡಿದ್ದು ಯಾವಾಗ ಅಂತ ಸುಮ್ನೆ ಕೇಳಿದೆ. ಗುಂಪಿನಿಂದ ತೆಗೆದುಹಾಕಿದರು.

ಆದರೂ ನಮ್ಮ ಶಿಸ್ತನ್ನು ಮೆಚ್ಚಲೇಬೇಕು. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್‌ನಲ್ಲಿ ಬಿಡುಗಡೆಯಾಯಿತು. ಈಗ ಆ ಟಾಕೀಸಿಲ್ಲ. ಸಿನಿಮಾದ ಒಂದು ಪ್ರಿಂಟೂ ಇಲ್ಲ. ಅರ್ಧಂಬರ್ಧ ಕೆಲಸ ನಮಗೆ ಆಗಿಬರೋದಿಲ್ಲ, ಅಲ್ವಾ? 1968ರಲ್ಲಿ ಸಿನಿರಾಮಾ ಪರದೆಯ ಠೀವಿಯಲ್ಲಿ ಶುರುವಾದ ಬೆಂಗಳೂರಿನ ಕಪಾಲಿ ಟಾಕೀಸು 2017ರಲ್ಲಿ ಬಾಗಿಲು ಹಾಕಿದಾಗಲೂ ಹೀಗೇ ಅತ್ತಿದ್ದೆವು.

ತಪ್ಪು ಟಾಕೀಸು ಕಟ್ಟಿದವರದ್ದೇ ಬಿಡಿ. ಇಟ್ಟಿಗೆ, ಸಿಮೆಂಟು ಯಾಕೆ ಬೇಕಿತ್ತು? ಪಕ್ಕದ ಬೇಲೂರು ನೋಡಿ, 1117ರ ಗುಡಿ, 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಟಾಕೀಸನ್ನೂ ಬಳಪದ ಕಲ್ಲಿನಲ್ಲೇ ಕಟ್ಟಿ, ಗೇಟಿನಲ್ಲಿ ಟಿಕೆಟ್ ಹರಿಯುವ ಒಬ್ಬ ಶಿಲಾಬಾಲಿಕೆ, ಮರೆಯಲ್ಲಿ ಬ್ಲ್ಯಾಕಿನಲ್ಲಿ ಮಾರುವ ಇನ್ನೊಬ್ಬಳು, ಬಾಲ್ಕನಿ ಮೆಟ್ಟಿಲ ಹತ್ತಿರ ಸೀರೆ ಕೊಡವುವ ಮೂರನೆಯವಳನ್ನು ಕೆತ್ತಿಸಿದ್ದರೆ (ಬೇಲೂರಿನವಳ ಸೀರೆಯಿಂದ ಚೇಳು ಬಿದ್ದರೆ ಇವಳದರಿಂದ ತಿಗಣೆ), ಯಾವ ಜೆಸಿಬಿ ಹತ್ತಿರ ಬರುತ್ತಿತ್ತು? ಗೈಡುಗಳು ಗಾಂಧಿ ಕ್ಲಾಸನ್ನು ನವರಂಗ ಅಂತ ತೋರಿಸುತ್ತಿದ್ದರು.

ಟಾಕೀಸು ಮುಚ್ಚಿದ ಮಾಲೀಕನ ಮೇಲೆ ನನಗೆ ಸಿಟ್ಟಿಲ್ಲ. ಮ್ಯಾಟಿನಿಗೆ ಹನ್ನೊಂದು ಜನ ಬಂದರೆ ಕರೆಂಟ್ ಬಿಲ್ಲು ಯಾರು ಕಟ್ಟಬೇಕು? ಆದರೆ ಸಿನಿಮಾ? ಕಪ್ಪುಬಿಳುಪು ಫಿಲ್ಮಿನಲ್ಲಿ ಚೂರು ಬೆಳ್ಳಿ ಇರುತ್ತೆ ಅಂತ ಪ್ರಿಂಟುಗಳನ್ನು ತೂಕಕ್ಕೆ ಹಾಕಿದ ದೇಶ ಇದು. ‘ಸತಿ ಸುಲೋಚನಾ’ ಅಂದರೆ ಕೊಲ್ಹಾಪುರದವರೆಗೆ ಹೋಗಿ ಶೂಟಿಂಗ್ ಮಾಡಿಕೊಂಡು ಬಂದವರ ದುಡಿಮೆ. ಒಂದೇ ಒಂದು ಪ್ರತಿ ಎತ್ತಿಡಬೇಕು ಅಂತ ಒಬ್ಬರಿಗೂ ಅನ್ನಿಸಲಿಲ್ಲವಲ್ಲ. ಈಗ ಗೋಡೆ ಬಿದ್ದರೆ ಅಳೋದು. ಸಾಕಾಗಿದೆ.

ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರೊಬ್ಬರು ಮಾತ್ರ ಅಳಲಿಲ್ಲ. ಇಲ್ಲಿನ ಟಾಕೀಸೊಂದು ಮುಚ್ಚಿದಾಗ ಗುಜರಿಗೆ ಹೋಗಿ ಬಾಲ್ಕನಿಯ ನಾಲ್ಕು ಕುರ್ಚಿ ತಂದು ಜಗಲಿಯಲ್ಲಿ ಹಾಕಿಕೊಂಡರು. ನಂಬರು ಇನ್ನೂ ಅಳಿಸಿಲ್ಲ. ಹೋದ ಭಾನುವಾರ ಕಾಫಿಗೆ ಕರೆದು ಅದರಲ್ಲೇ ಕೂರಿಸಿದರು. ಎರಡು ನಿಮಿಷ ಆಗಿಲ್ಲ, ತೊಡೆ ತುರಿಸೋಕೆ ಶುರು.

“ಮೇಷ್ಟ್ರೇ, ಇದರಲ್ಲಿ...” ಅಂದೆ.

“ಹೂಂ ಕಣಪ್ಪ,” ಅಂದರು, “ಎಲ್ಲಾ ಒರಿಜಿನಲ್ಲೇ.”