ದಾನಿಯನ್ನು ಕೇಳಿ, ರಕ್ತವನ್ನೂ ನೋಡಿ

ಅಮೆರಿಕದಲ್ಲಿ ರಕ್ತ ಕೊಡಲು ಹೋದಾಗಲೆಲ್ಲ ಮಾತು, ಪಡೆದ ರಕ್ತದಿಂದಲೂ ಹರಡಬಲ್ಲ ಮಲೇರಿಯಾಕ್ಕೆ ಬಂದು ನಿಲ್ಲುತ್ತದೆ. ಭಾರತಕ್ಕೆ ಹೋಗಿದ್ದಿರಾ, ಯಾವ ಊರು, ಎಷ್ಟು ದಿನ ಉಳಿದಿದ್ದಿರಿ ಎಂದು ಕೇಳುತ್ತಲೇ ಸಿಬ್ಬಂದಿ ನಕ್ಷೆ ತೆರೆದು ಹುಡುಕುತ್ತಾರೆ. ಮಲೇರಿಯಾ ಇರುವ ಕಡೆ 24 ಗಂಟೆಗಿಂತ ಹೆಚ್ಚು ಇದ್ದು ಬಂದರೆ 3 ತಿಂಗಳು ಕಾಯಬೇಕು. ಅಂಥ ದೇಶದಲ್ಲಿ ಸತತ 5 ವರ್ಷ ಬಾಳಿ ಬಂದವರಿಗೆ ಕಾಯುವ ಅವಧಿ 3 ವರ್ಷ. ಇಷ್ಟೆಲ್ಲ ಕೇಳುವ ಈ ದೇಶದಲ್ಲಿ ದಾನಿಗಳ ರಕ್ತದಲ್ಲಿ ಮಲೇರಿಯಾ ಪತ್ತೆಹಚ್ಚುವ ಮೊದಲ ಪರೀಕ್ಷೆಗೆ ಮಂಜೂರಾತಿ ಸಿಕ್ಕಿದ್ದು 2024ರಲ್ಲಿ!

ಭಾರತದ ಕ್ರಮವೇ ಬೇರೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್‌ಗಳ ಜೊತೆಗೆ ಮಲೇರಿಯಾ ಪರೀಕ್ಷೆಯೂ ಪ್ರತಿ ಚೀಲಕ್ಕೆ ಕಡ್ಡಾಯ. ಈ ನಿಯಮದ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಪರೀಕ್ಷೆ ಹೇಗಿದ್ದರೂ ಆಗುತ್ತದೆಂಬ ಧೈರ್ಯದಲ್ಲಿ ಶಿಬಿರಗಳಲ್ಲಿ ಪ್ರಶ್ನಾವಳಿ ಬರೀ ಸಹಿ ಹಾಕುವ ಕಾಗದವಾಗುವುದು ಸರಿಯಲ್ಲ.

ಯಾಕೆಂದರೆ ಪರೀಕ್ಷೆಯ ಕಣ್ಣಿಗೆ ಮಿತಿಯಿದೆ. ಗಾಜಿನ ಮೇಲೆ ಬಳಿದ ರಕ್ತದ ಹನಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ದಿನನಿತ್ಯ ನೋಡುವವರಿಗೆ, ಒಂದು ಮೈಕ್ರೋಲೀಟರ್‌ನಲ್ಲಿ ಸುಮಾರು 50 ಮಲೇರಿಯಾ ಪರಾವಲಂಬಿಗಳಾದರೂ ಇರದಿದ್ದರೆ ಅವು ಕಣ್ಣಿಗೆ ಬೀಳುವುದು ಕಷ್ಟ. ಹನಿ ರಕ್ತ ಹಾಕಿ ಬೇಗ ಫಲಿತಾಂಶ ನೋಡುವ ಕಿಟ್‌ಗಳ ಕಥೆಯೂ ಇದಕ್ಕಿಂತ ಉತ್ತಮವೇನಲ್ಲ. ಮೈಕ್ರೋಲೀಟರ್‌ಗೆ ಹತ್ತೇ ಇವೆ ಎಂದುಕೊಳ್ಳಿ. 350 ಮಿಲಿಲೀಟರ್ ಚೀಲದಲ್ಲಿ 35 ಲಕ್ಷ ಆಯಿತು. ರಕ್ತನಿಧಿಯ ಫ್ರಿಜ್‌ನ ಚಳಿಯಲ್ಲೂ ಅವು ದಿನಗಟ್ಟಲೆ ಬದುಕುತ್ತವೆ. ಹಿಂದೆ ಮಲೇರಿಯಾ ಬಂದು ಹೋಗಿ ಈಗ ಆರೋಗ್ಯವಾಗಿ ಓಡಾಡುವ ದಾನಿಯಲ್ಲಿ ಸೋಂಕು ಉಳಿದಿದ್ದರೆ ಅದು ಹೀಗೆ ಪರಾವಲಂಬಿಗಳು ತೀರಾ ಕಡಿಮೆಯಿರುವ ಸೋಂಕೇ ಆಗಿರುವ ಸಾಧ್ಯತೆ ಹೆಚ್ಚು. ಎರಡು ಮೂರು ವಾರಕ್ಕೊಮ್ಮೆ ರಕ್ತ ಪಡೆಯುವ ತಲಸ್ಸೇಮಿಯಾ ಮಗುವಿಗೆ ಆ ಚೀಲ ಹೋದರೆ?

ಬ್ರಿಟನ್ ಎರಡನ್ನೂ ಮಾಡುತ್ತದೆ. ಪ್ರಯಾಣ ಮಾಡಿ ಬಂದವರನ್ನು 4 ತಿಂಗಳು ಕಾಯಿಸಿ, ರಕ್ತದಲ್ಲಿ ಮಲೇರಿಯಾ ಪ್ರತಿಕಾಯ (ಸೋಂಕಿನ ವಿರುದ್ಧ ದೇಹವೇ ತಯಾರಿಸುವ ಪ್ರೋಟೀನ್) ಇಲ್ಲವೆಂದು ನೋಡಿಕೊಂಡು ಸೇರಿಸಿಕೊಳ್ಳುತ್ತದೆ. ಇದನ್ನು ಯಥಾವತ್ತಾಗಿ ಭಾರತಕ್ಕೆ ತರಲು ಬರುವುದಿಲ್ಲ. ಜ್ವರ ವಾಸಿಯಾದ ಮೇಲೂ ಪ್ರತಿಕಾಯ ಬಹುಕಾಲ ಉಳಿಯುವುದರಿಂದ ಮಲೇರಿಯಾ ಹೆಚ್ಚಿರುವ ಸೀಮೆಯಲ್ಲಿ ನಿರ್ದೋಷಿ ದಾನಿಗಳೂ ವಾಪಸಾಗಬೇಕಾಗುತ್ತದೆ.

ಕೇಳುವ ಶ್ರದ್ಧೆಯನ್ನಂತೂ ತರಬಹುದು. ಸಾಲಿನಿಂದ ಪಕ್ಕಕ್ಕೆ ಕರೆದು, ದಾನಿಗೆ ತಿಳಿಯುವ ಮಾತಿನಲ್ಲಿ, ಈಚೆಗೆ ಚಳಿಜ್ವರ ಬಂದಿತ್ತೇ, ಮಲೇರಿಯಾಕ್ಕೆ ಮಾತ್ರೆ ನುಂಗಿದಿರಾ, ಪೂರ್ತಿ ಮುಗಿಸಿದಿರಾ ಎಂದು ಕೇಳಲು ಎರಡು ನಿಮಿಷ ಸಾಕು. ವಾಸಿಯಾಗಿ 3 ತಿಂಗಳು ಆಗದವರನ್ನು ಮರಳಿ ಕಳಿಸಬೇಕೆಂದು ಭಾರತದ ಮಾರ್ಗಸೂಚಿಯೇ ಹೇಳುತ್ತದೆ. ಅಮೆರಿಕವೂ ಹೊಸ ಪರೀಕ್ಷೆಯನ್ನು ಬೇಗ ಬಳಕೆಗೆ ತಂದು, ವಲಸೆ ಬಂದ ನಮ್ಮಂಥವರನ್ನು ವರ್ಷಗಟ್ಟಲೆ ಹೊರಗಿಡುವುದನ್ನು ನಿಲ್ಲಿಸಲಿ.