ಟಮ್‌ವಾಟರ್‌ನ ಗೋಧಿ ರೈತ, ಎಮ್ಮೆಲ್ಲೆ ವಿಲಿಯಂ ಓವನ್ ಬುಷ್

ಸಿಯಾಟಲ್‌ನಿಂದ ಪೋರ್ಟ್‌ಲ್ಯಾಂಡ್ ಕಡೆ ಹೋಗ್ವಾಗ ಒಲಿಂಪಿಯಾ ದಾಟ್ತಿದ್ದಂಗೇ ಟಮ್‌ವಾಟರ್ ಅಂತ ಬೋರ್ಡ್ ಬರುತ್ತೆ, ಈ ಕಡೆ ಇರೋ ಕನ್ನಡದವರೆಲ್ಲ ನೋಡಿರ್ತೀರ. ಹೋದ ಬೇಸಿಗೆಲಿ ಅಪ್ಪ ಊರಿಂದ ಬಂದಿದ್ರು, ಅವರನ್ನ ಕರ್ಕೊಂಡು ಆ ರೋಡಲ್ಲಿ ಹೋಗ್ವಾಗ ವಿಲಿಯಂ ಓವನ್ ಬುಷ್ ಕಥೆ ಹೇಳ್ದೆ. ಇದನ್ನ ಬರೀಬೇಕು ಅನ್ನಿಸಿದ್ದು ಅವತ್ತೇ.

ವಾಷಿಂಗ್ಟನ್ ರಾಜ್ಯದ ಮೊದಲ ಕಪ್ಪು ಶಾಸಕ ಅಂತ ಈತನ ಬಗ್ಗೆ ಒಂದು ಸಾಲು ಎಲ್ಲಾ ಕಡೆ ಓಡಾಡುತ್ತೆ. ಅದು ನಿಜನೇ. ಆದ್ರೆ ಆ ಒಂದು ಸಾಲಲ್ಲಿ ಈ ಮನುಷ್ಯನ ಮುಗಿಸಿಬಿಡ್ತಾರಲ್ಲ, ಅದು ನಂಗೆ ಸರಿ ಕಾಣಲ್ಲ. ಆತ ಮೊದಲು ರೈತ, ರೈತನ ಮಗ, ಮತ್ತೆ ಆ ಮನೆಗೆ ಜಮೀನು ದಕ್ಕಿದ ರೀತಿ ಇದ್ಯಲ್ಲ, ಅದು ಗೊತ್ತಿಲ್ದೇ ಆತ ಎಮ್ಮೆಲ್ಲೆ ಆದ ಅನ್ನೋ ಮಾತಿಗೆ ತೂಕನೇ ಬರಲ್ಲ.

ವಿಲಿಯಂ ಹುಟ್ಟಿದ್ದು 1832ರಲ್ಲಿ, ಮಿಸ್ಸೌರಿಲಿ. ಅಪ್ಪ ಜಾರ್ಜ್ ಬುಷ್ ಕಪ್ಪು ಜನಾಂಗದವನು, ಅಮ್ಮ ಇಸಬೆಲ್ಲಾ ಬಿಳಿಯ ಹೆಂಗಸು, ರೋಗಿಗಳ ಆರೈಕೆ ಗೊತ್ತಿದ್ದವಳು. ಮಿಸ್ಸೌರಿ ಅಂದ್ರೆ ಗುಲಾಮಗಿರಿ ಇದ್ದ ರಾಜ್ಯ, ಅಲ್ಲಿ ಇಂಥಾ ಸಂಸಾರ ನೆಮ್ಮದಿಯಾಗಿ ಇರೋಕೆ ಹೆಂಗಾಗುತ್ತೆ. 1844ರಲ್ಲಿ ಗಾಡಿ ಕಟ್ಕೊಂಡು ಆರೆಗಾನ್ ದಾರಿ ಹಿಡಿದ್ರು, ಎತ್ತಿನ ಗಾಡಿಲಿ ತಿಂಗಳಾನುಗಟ್ಲೆ, ಎರಡು ಸಾವಿರ ಮೈಲಿ, ಜೊತೆಗೆ ಮೈಕಲ್ ಸಿಮ್ಮನ್ಸ್ ಮತ್ತೆ ಬೇರೆ ಸಂಸಾರಗಳು. ವಿಲಿಯಂಗೆ ಆಗ ಹನ್ನೆರಡು ವರ್ಷ. ನಮ್ಮೂರಲ್ಲಿ ಹನ್ನೆರಡು ವರ್ಷದ ಹುಡುಗ ಅಂದ್ರೆ ಎತ್ತಿಗೆ ನೀರು ಕುಡಿಸಿ ನೊಗ ಹೂಡೋಕೆ ಬರೋ ವಯಸ್ಸು.

ಇವರು ಇನ್ನೂ ದಾರಿಲಿದ್ದಾಗಲೇ, ಜೂನ್‌ನಲ್ಲಿ, ಆರೆಗಾನ್‌ನಲ್ಲಿದ್ದ ತಾತ್ಕಾಲಿಕ ಸರ್ಕಾರ ಒಂದು ಕಾನೂನು ಮಾಡಿತ್ತು. ಕಪ್ಪು ಜನ ಅಲ್ಲಿ ನೆಲೆಸೋ ಹಂಗಿಲ್ಲ, ಗಡುವು ಮುಗಿದ್ಮೇಲೂ ಬಿಟ್ಟು ಹೋಗ್ದೇ ಇದ್ರೆ ಛಡಿ ಏಟು, ಕಡಿಮೆ ಅಂದ್ರೆ 20, ಹೆಚ್ಚು ಅಂದ್ರೆ 39, ಹೋಗೋವರೆಗೂ ಆರು ತಿಂಗಳಿಗೊಂದ್ಸಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಛಡಿ ಏಟು ತೆಗೆದು ಬಲವಂತದ ಕೂಲಿ ಅಂತ ತಿದ್ದಿದ್ರು, 1845ರಲ್ಲಿ ಕಾನೂನೇ ಹೋಯ್ತು. ಆದ್ರೆ ಅಷ್ಟು ದೂರ ನಡ್ಕೊಂಡು ಬಂದು ಹೊಸ್ತಿಲಲ್ಲಿ ನಿಂತವನಿಗೆ ಕಾದಿದ್ದ ಸ್ವಾಗತ ಅದು.

ಆ ಚಳಿಗಾಲ ಕೊಲಂಬಿಯಾ ನದಿಯ ಉತ್ತರ ದಡದಲ್ಲಿ ಕಳೆದ್ರು. ನದಿಯಿಂದ ಆಚೆಗೆ ಆಗ ಬ್ರಿಟಿಷರ ಹಡ್ಸನ್ಸ್ ಬೇ ಕಂಪನಿದೇ ಪ್ರಾಬಲ್ಯ, ಆರೆಗಾನ್ ಕಾನೂನು ಅಷ್ಟು ದೂರ ಮುಟ್ಟೋದಿಲ್ಲ. ದಕ್ಷಿಣದಲ್ಲಿ ಒಳ್ಳೇ ವಿಲಾಮೆಟ್ ಕಣಿವೆ ಇದ್ರೂ ಸಿಮ್ಮನ್ಸ್ ಮತ್ತೆ ಉಳಿದ ಬಿಳಿಯ ಸಂಸಾರಗಳು ಬುಷ್‌ನ ಬಿಟ್ಟು ಹೋಗ್ಲಿಲ್ಲ, ಎಲ್ಲಾ ಸೇರಿ 1845ರ ಕೊನೇಲಿ ಉತ್ತರಕ್ಕೆ ಬಂದು ಪ್ಯೂಜೆಟ್ ಸೌಂಡ್ ಅನ್ನೋ ಸಮುದ್ರದ ಹಿನ್ನೀರಿನ ತುದೀಲಿ ನೆಲೆ ನಿಂತ್ರು. ಸಿಮ್ಮನ್ಸ್ ಮೇಲೆ ನಂಗೆ ಗೌರವ ಇರೋದು ಇದಕ್ಕೇ. ಅದೇ ಈಗಿನ ಟಮ್‌ವಾಟರ್, ಪ್ಯೂಜೆಟ್ ಸೌಂಡ್‌ನಲ್ಲಿ ಅಮೆರಿಕನ್ನರ ಮೊದಲ ಊರು. ಬುಷ್ ಉತ್ತ ಬಯಲಿಗೆ ಇವತ್ತಿಗೂ ಬುಷ್ ಪ್ರೇರಿ ಅಂತಾನೇ ಹೆಸರು.

1852ರಲ್ಲಿ ಕಾಳಿಗೆ ಬರ ಬಂತು. ಜನ ಬಂದು ಇಳೀತಾನೇ ಇದ್ರು, ತಿನ್ನೋಕೆ ಸಾಲ್ತಿರ್ಲಿಲ್ಲ. ವ್ಯಾಪಾರಿಗಳು ಜಾರ್ಜ್ ಬುಷ್ ಹತ್ರ ಬಂದು ಪೂರ್ತಿ ಗೋಧಿ ದೊಡ್ಡ ರೇಟಿಗೆ ಎತ್ಕೋತೀವಿ ಅಂದ್ರು, ಈತ ಕೊಡ್ಲಿಲ್ಲ. ಹೊಸದಾಗಿ ಬಂದ ಸಂಸಾರಗಳಿಗೆ ಊಟಕ್ಕೆ, ಬಿತ್ತನೆಗೆ ಬೇಕಾದಷ್ಟು ಕೊಟ್ಟ, ನಿಮ್ಮ ಹೊಲದಲ್ಲಿ ಬೆಳೆದಾಗ ವಾಪಸ್ ಕೊಡಿ ಅಂತ. ಬಿತ್ತನೆ ಕಾಳು ಸಾಲ ಕೊಡೋದು ಅಂದ್ರೆ ಏನು ಅಂತ ರೈತರ ಮನೇಲಿ ಹುಟ್ಟಿದವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಮಗ ವಿಲಿಯಂಗೆ ಆಗ ಇಪ್ಪತ್ತು.

ಇಲ್ಲೀವರೆಗೂ ಸುಮ್ನೆ ಕೇಳ್ತಿದ್ದ ಅಪ್ಪ, "ಅದೆಲ್ಲಾ ಸರಿ ಕಣೋ, ಪಹಣಿ ಯಾರ ಹೆಸರಲ್ಲಾಯ್ತು?" ಅಂದ್ರು. ನಮ್ಮ ತಾತ ಗೇಣಿ ಮಾಡ್ತಿದ್ದವರು, ದೇವರಾಜ ಅರಸರ ಕಾಲದಲ್ಲಿ ಡಿಕ್ಲರೇಷನ್ ಹಾಕಿ ವರ್ಷಗಟ್ಲೆ ಓಡಾಡಿ ಉಳ್ತಿದ್ದ ನೆಲ ತಮ್ಮದು ಮಾಡ್ಕೊಂಡವರು, ಅದಕ್ಕೇ ಅಪ್ಪನಿಗೆ ಮೊದಲು ಬಂದಿದ್ದು ಅದೇ ಪ್ರಶ್ನೆ.

ಪಹಣಿ ಇರ್ಲಿಲ್ಲ! 1846ರಲ್ಲಿ ಬ್ರಿಟಿಷರಿಗೂ ಅಮೆರಿಕಕ್ಕೂ ಗಡಿ ಒಪ್ಪಂದ ಆಗಿ, ಯಾವ ಕಾನೂನಿಂದ ತಪ್ಪಿಸ್ಕೊಂಡು ಬಂದಿದ್ರೋ ಅಂಥಾ ಕಾನೂನೇ ಇವರ ಹಿಂದೆ ಉತ್ತರಕ್ಕೂ ಬಂತು. 1850ರ ಭೂಮಿ ಹಂಚೋ ಕಾಯ್ದೇಲಿ ಗಂಡ ಹೆಂಡತಿಗೆ ಸೇರಿ 640 ಎಕರೆ, ಆದ್ರೆ ಬಿಳಿಯರಿಗೆ ಮತ್ತೆ ಬಿಳಿಯರು-ಅಮೆರಿಕದ ಮೂಲನಿವಾಸಿಗಳ ಮಿಶ್ರ ಸಂತಾನದವರಿಗೆ ಮಾತ್ರ. ಐದು ವರ್ಷದಿಂದ ಉತ್ತು ಬಿತ್ತಿ ಮನೆ ಕಟ್ಟಿದವನಿಗೆ ಆ ನೆಲದ ಮೇಲೆ ಹಕ್ಕಿಲ್ಲ. 1854ರಲ್ಲಿ ಹೊಸ ವಾಷಿಂಗ್ಟನ್ ಪ್ರಾಂತ್ಯದ ಶಾಸನಸಭೆಯವರೇ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಮನವಿ ಕಳ್ಸಿದ್ರು, 1855ರ ಶುರುವಲ್ಲಿ ಜಾರ್ಜ್ ಬುಷ್ ಅನ್ನೋ ಒಬ್ಬ ಮನುಷ್ಯನಿಗೋಸ್ಕರ ಒಂದು ವಿಶೇಷ ಕಾಯ್ದೆ ಪಾಸಾಯ್ತು, 640 ಎಕರೆ ಆತಂದಾಯ್ತು.

ಇದನ್ನ ಜನ ಖುಷಿ ಸುದ್ದಿ ಥರ ಹೇಳ್ತಾರೆ, ನಂಗೆ ಮಾತ್ರ ಓದಿದಾಗೆಲ್ಲ ಹೊಟ್ಟೇಲಿ ಸಂಕಟ ಆಗುತ್ತೆ. ಊರಿಗೆ ಅನ್ನ ಹಾಕಿದ್ದ, ಊರವರಿಗೆ ಋಣ ಇತ್ತು, ಕೈ ಹಿಡಿದ್ರು, ಅದು ಅವರ ದೊಡ್ಡತನ, ಒಪ್ಪಿದೆ. ಆದ್ರೆ ಪಕ್ಕದ ಬಿಳಿಯ ರೈತ ಯಾರಿಗೂ ಒಂದು ಸೇರು ಕಾಳು ಕೊಡದೇ ಇದ್ರೂ ಅವನಿಗೆ ಜಮೀನು ಕಾನೂನಿನ ಪ್ರಕಾರವೇ ಬರ್ತಿತ್ತಲ್ಲ? ಉಪಕಾರ ಮಾಡಿದ್ರೆ ಮಾತ್ರ ಸಿಗೋದು ಹಕ್ಕು ಹೆಂಗಾಗುತ್ತೆ. ಇನ್ನೊಂದು ಮಾತು ಮರೀಬಾರ್ದು, ಆ ಬಯಲು ಖಾಲಿ ಬಿದ್ದಿರ್ಲಿಲ್ಲ, ಅಲ್ಲಿನ ಮೂಲನಿವಾಸಿಗಳಾದ ನಿಸ್ಕ್ವಾಲಿ ಜನ ತಲೆತಲಾಂತರದಿಂದ ಬೆಂಕಿ ಕೊಟ್ಟು ಕಾಡು ಬೆಳೀದಂಗೆ ನೋಡ್ಕೊಂಡು ಕಾಮಸ್ ಗೆಡ್ಡೆ ಅಗೀತಿದ್ದ ಸೀಮೆ ಅದು. 1854ರ ಡಿಸೆಂಬರ್‌ನಲ್ಲಿ ಮೆಡಿಸಿನ್ ಕ್ರೀಕ್ ಒಪ್ಪಂದ ಅಂತ ಮಾಡಿ ಅವರ ನೆಲ ಬರೆಸ್ಕೊಂಡ್ರು, ಬುಷ್‌ಗೆ ಹಕ್ಕುಪತ್ರ ಸಿಕ್ಕಿದ್ದು ಅದರ ಬೆನ್ನಲ್ಲೇ. ಬುಷ್ ಮನೆಯವರು ನಿಸ್ಕ್ವಾಲಿಗಳ ಜೊತೆ ಚೆನ್ನಾಗೇ ಇದ್ರು, ಕಾಯಿಲೆ ಬಂದಾಗ ಆರೈಕೆ ಮಾಡಿದ್ರು, ಒಬ್ಬ ಮಗನ ಹೆಸರಲ್ಲೇ ನಿಸ್ಕ್ವಾಲಿ ಅಂತ ಸೇರ್ಸಿದ್ರು. ಆದ್ರೂ ಈ ಎರಡು ಕಾಗದಾನೂ ಪಕ್ಕಪಕ್ಕ ಇಟ್ಟೇ ಓದ್ಬೇಕು ಅಂತ ನನ್ನ ಅಭಿಪ್ರಾಯ.

ಜಾರ್ಜ್ ಬುಷ್ 1863ರಲ್ಲಿ ತೀರ್ಕೊಂಡ. ವಾಷಿಂಗ್ಟನ್‌ನಂಥ ಪ್ರಾಂತ್ಯಗಳಲ್ಲಿ ಕಪ್ಪು ಗಂಡಸರಿಗೆ ಓಟು ಬಂದಿದ್ದು 1867ರಲ್ಲಿ. ಅಷ್ಟು ಜನರನ್ನ ಸಾಕಿದವನು ಒಂದೇ ಒಂದು ಓಟು ಹಾಕ್ದೇ ಹೋದ.

ವಿಲಿಯಂ ವ್ಯವಸಾಯ ಬಿಡ್ಲಿಲ್ಲ. ಆತ ಬೆಳೆದ ಗೋಧಿಗೆ 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಬಹುಮಾನ ಬಂತು, ಅಮೆರಿಕಕ್ಕೆ ನೂರು ವರ್ಷ ತುಂಬಿದ್ದಕ್ಕೆ ಮಾಡಿದ ಅಷ್ಟು ದೊಡ್ಡ ಪ್ರದರ್ಶನ ಅದು. 1889ರ ನವೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯ ಆಯ್ತು, ಮೊದಲ ಶಾಸನಸಭೆಗೆ ಥರ್ಸ್ಟನ್ ಕೌಂಟಿಯಿಂದ ಗೆದ್ದು ಬಂದ, ವಯಸ್ಸು ಐವತ್ತೇಳು. ಗದ್ದುಗೆ ಸಿಕ್ಕಿದ್ಮೇಲೆ ಏನ್ ಕೇಳ್ದ ನೋಡಿ. ಕೃಷಿ ಕಾಲೇಜು ಬೇಕು ಅಂತ ಮಸೂದೆ ತಂದ. ಆ ಕಾಲೇಜೇ ಈಗ ಪುಲ್‌ಮನ್‌ನಲ್ಲಿರೋ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿ.

ಪುಲ್‌ಮನ್ ಅಂದ್ರೆ ನಮಗೇನು ಅನ್ಬೇಡಿ. ಆರ್ವಿಲ್ ವೋಗೆಲ್ ಅನ್ನೋ ವಿಜ್ಞಾನಿ ಅದೇ ಕ್ಯಾಂಪಸ್‌ನಲ್ಲಿ ಕೂತು ಜಪಾನಿನ ನೋರಿನ್ 10 ಅನ್ನೋ ಗಿಡ್ಡ ಗೋಧೀನ ಇಲ್ಲಿನ ತಳಿ ಜೊತೆ ಕೂಡಿಸಿದ್ದು, ಆ ಬೀಜ 1950ರ ದಶಕದಲ್ಲಿ ಮೆಕ್ಸಿಕೋದಲ್ಲಿದ್ದ ನಾರ್ಮನ್ ಬೋರ್ಲಾಗ್ ಕೈಗೆ ಹೋಯ್ತು, ಅಲ್ಲಿಂದ ಹುಟ್ಟಿದ ತಳಿಗಳು 1960ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದ್ವು. ಹಸಿರು ಕ್ರಾಂತಿ ಬಗ್ಗೆ ನಂಗೆ ಬೇರೆ ತಕರಾರುಗಳಿವೆ, ಅದು ಇನ್ನೊಂದ್ ದಿನ. ಆದ್ರೆ ರೇಷನ್ ಗೋಧಿಗೆ ಕ್ಯೂ ನಿಂತಿದ್ದ ಕಾಲ ನಮ್ಮ ಮನೆಯವರು ಮರ್ತಿಲ್ಲ.

ವಿಲಿಯಂ ಶಾಸಕ ಆದ 1889ರಲ್ಲೇ ಬರೆದ ಈ ರಾಜ್ಯದ ಸಂವಿಧಾನದಲ್ಲಿ, ನಾಗರಿಕ ಆಗ್ತೀನಿ ಅಂತ ಘೋಷಣೆ ಮಾಡದ ವಿದೇಶಿಯರು ಭೂಮಿ ಕೊಳ್ಳೋ ಹಂಗಿಲ್ಲ ಅಂತ ಇತ್ತು. 1921ರಲ್ಲಿ ಅದನ್ನ ಗೇಣಿಗೂ ವಿಸ್ತರಿಸಿದ್ರು. 1923ರಲ್ಲಿ, ಅಮೆರಿಕದ ಪೌರತ್ವ ಕೇಳಿದ್ದ ಪಂಜಾಬಿನ ಭಗತ್ ಸಿಂಗ್ ಥಿಂದ್ ಕೇಸಲ್ಲಿ ಭಾರತದವರು ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲ ಅಂತ ಇಲ್ಲಿನ ಸುಪ್ರೀಂ ಕೋರ್ಟ್ ಹೇಳ್ತು, ಅಲ್ಲಿಗೆ ನಮ್ಮಂಥವರಿಗೂ ಇಲ್ಲಿನ ನೆಲ ಮುಚ್ಚಿದ ಬಾಗಿಲು. ವಾಷಿಂಗ್ಟನ್‌ನಲ್ಲಿ ಅದು ಪೂರ್ತಿ ಹೋಗಿದ್ದು 1966ರಲ್ಲಿ. ಸಿಯಾಟಲ್ ಪಕ್ಕದ ರೆಡ್‌ಮಂಡ್, ಬಾಥೆಲ್‌ನಲ್ಲಿ ಮನೆ ತಗೊಂಡು ಗೃಹಪ್ರವೇಶ ಮಾಡೋ ನಾವು, ಬುಷ್ ಕಥೆ ಯಾರದ್ದೋ ಕಥೆ ಅನ್ಕೊಳ್ಳೋದು ತಪ್ಪು.

ಅಪ್ಪನ್ನ ಮೊದಲು ಒಲಿಂಪಿಯಾದಲ್ಲಿರೋ ರಾಜ್ಯದ ಶಾಸನಸಭೆ ಕಟ್ಟಡ, ಕ್ಯಾಪಿಟಲ್ ಹತ್ರ ಕರ್ಕೊಂಡ್ಹೋದೆ, ಅಲ್ಲಿ 2021ರಲ್ಲಿ ಬುಷ್ ಮನೆತನಕ್ಕೆ ಸ್ಮಾರಕ ಇಟ್ಟಿದಾರೆ. ಒಂದ್ನಿಮಿಷ ಕೈ ಕಟ್ಕೊಂಡು ನಿಂತು ನೋಡಿದ್ರು, ಆಮೇಲೆ "ಹೊಲ ಎಲ್ಲಿ?" ಅಂದ್ರು. ಏರ್‌ಪೋರ್ಟ್ ಇರೋ ಕಡೆಗೆ ಬಂದ್ವಿ. ರಸ್ತೆ ಪಕ್ಕ ಗಾಡಿ ನಿಲ್ಸಿದ್ಮೇಲೆ ಇಳಿದು, ಬಗ್ಗಿ ಒಂದು ಹಿಡಿ ಮಣ್ಣು ತಗೊಂಡು ಬೆರಳಲ್ಲಿ ಉಜ್ಜಿ ನೋಡಿದ್ರು. "ಗರಸು ಮಣ್ಣು ಕಣೋ, ಕಲ್ಲೇ ಜಾಸ್ತಿ. ಇದ್ರಲ್ಲಿ ಬಹುಮಾನ ಬರೋ ಗೋಧಿ ತೆಗ್ದಿದಾನೆ ಅಂದ್ರೆ ಕೊಟ್ಟಿಗೆ ಗೊಬ್ಬರ ಹೊತ್ತಿದಾನೆ ಆ ಮನುಷ್ಯ" ಅಂತ ಹೇಳಿ, ಮಣ್ಣು ಅಲ್ಲೇ ಬಿಟ್ಟು ಕೈ ಒದರ್ಕೊಂಡು ಬಂದು ಕಾರಲ್ಲಿ ಕೂತ್ಕೊಂಡ್ರು.